ಗಾಳಿ ಮುಂದೆ, ಪೆಟ್ರೋಲ್ ಹಿಂದೆ: ಹಳೇ ಕಾರಿನ ಪಿಕಪ್ ಕಥೆ

ಸ್ನೇಹಿತರೇ, ಕಬ್ಬು ಕಡಿಯೋ ಟೈಮಲ್ಲಿ ಇವನು ಕಾರಿನ ಕಥೆ ಶುರು ಮಾಡಿದ ಅನ್ಬೇಡಿ. ಇದು ಕೊನೆಗೆ ಕಬ್ಬಿಗೇ ಬಂದು ನಿಲ್ಲುತ್ತೆ. ಸ್ವಲ್ಪ ಉದ್ದ ಇದೆ, ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬಂದ್ಮೇಲೆ ಓದಿ.

ನಮ್ಮ ಮನೇಲಿ ಅಪ್ಪನ ಕಾಲದ ಅಂಬಾಸಿಡರ್ ಇದೆ. ಮಾರ್ಕ್ 3, ಪೆಟ್ರೋಲ್ ಗಾಡಿ. ಗೊಬ್ಬರದ ಮೂಟೆ ಹೊತ್ತಿದೆ, ಮದುವೆ ದಿಬ್ಬಣ ಹೊತ್ತಿದೆ, ಊರಿನ ಎಷ್ಟೋ ಹೆಣ್ಮಕ್ಕಳನ್ನ ರಾತ್ರೋರಾತ್ರಿ ಹೆರಿಗೆಗೆ ಮಂಡ್ಯಕ್ಕೆ ಸಾಗಿಸಿದೆ. ಅಪ್ಪ ಹೋಗಿ ಆರು ವರ್ಷ ಆಯ್ತು. ಗಾಡಿ ಮಾರೋಕೆ ನನಗೆ ಮನಸ್ಸು ಬಂದಿಲ್ಲ.

ಹೋದ ಕಾರ್ತೀಕದಲ್ಲಿ ಒಂದು ದಿನ ಮನೆಯವಳನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು ಹೆದ್ದಾರಿ ದಾಟ್ತಿದ್ದೆ. ಬಲಗಡೆಯಿಂದ ಕಬ್ಬಿನ ಲಾರಿ ಬರ್ತಿತ್ತು, ಆದ್ರೆ ದೂರ ಇತ್ತು. ದಾಟಬಹುದು ಅಂತ ಫಸ್ಟ್ ಗೇರಿಗೆ ಹಾಕಿ ಎಕ್ಸಿಲೇಟರ್ ಒತ್ತಿದೆ. ಗಾಡಿ ಒಂದು ಗಜ ಮುಂದಕ್ಕೆ ಹೋಯ್ತು, ಆಮೇಲೆ 'ಬುಸ್' ಅಂತ ಉಸಿರು ಬಿಟ್ಟು ಸುಮ್ಮನಾಯ್ತು. ಆಫ್ ಆಗಲಿಲ್ಲ. ಒತ್ತಿದ ಕಾಲು ಒತ್ತಿದಂಗೇ ಇದೆ, ಗಾಡಿ ಎಳೀತಿಲ್ಲ, ಅಷ್ಟೆ. ಒಂದು ಕ್ಷಣ ಇರಬಹುದು, ಒಂದೂವರೆ ಇರಬಹುದು. ಆಮೇಲೆ ಕೆಮ್ಮಿಕೊಂಡು ಎಳೀತು. ಅಷ್ಟರಲ್ಲಿ ಲಾರಿಯವನು ಬ್ರೇಕ್ ಹಾಕಿ, ಹಾರನ್ ಹೊಡೆದು, ನನ್ನ ಹಿರೀಕರನ್ನೆಲ್ಲ ನೆನೆಸಿಕೊಂಡು ಪಕ್ಕದಲ್ಲೇ ಹೋದ. ಅವನದೇನೂ ತಪ್ಪಿರಲಿಲ್ಲ. ಮನೆಗೆ ಬರೋವರೆಗೂ ಮನೆಯವಳು ಒಂದು ಮಾತೂ ಆಡಲಿಲ್ಲ. ಮೊಮ್ಮಗಳು ಮಾತ್ರ "ತಾತ, ಕಾರಿಗೆ ಏನಾಯ್ತು?" ಅಂತ ಕೇಳ್ತಾನೇ ಇದ್ದಳು.

ಗಾಡಿ ಗ್ಯಾರೇಜಿಗೆ ಹೋಯ್ತು. ಪ್ಲಗ್ ಹೊಸದು, ಪಾಯಿಂಟ್ ಹೊಸದು, ಪೆಟ್ರೋಲ್ ಪಂಪ್ ಹೊಸದು. ಕಾರ್ಬುರೇಟರ್ ಬಿಚ್ಚಿ ಕಿಟ್ ಹಾಕಿ ಕೊಟ್ರು. ಆರು ಸಾವಿರ ಚಿಲ್ಲರೆ ಬಿಲ್ಲು. ಮನೆಗೆ ತರುವಾಗ ನೋಡ್ತೀನಿ, ಮೊದಲಿಗಿಂತ ಜಾಸ್ತಿ ತಡೀತಿದೆ! ತಿರುಗಿ ಹೋದ್ರೆ "ಕಾರ್ಬುರೇಟರೇ ಬದಲಾಯಿಸಬೇಕು ಅಣ್ಣ" ಅಂದ್ರು. ಮಗ "ಗುಜರಿಗೆ ಹಾಕಪ್ಪ, ಪ್ರಾಣಕ್ಕಿಂತ ದೊಡ್ಡದಾ ಇದು?" ಅಂದ. ಅವನ ಮಾತು ತಪ್ಪಲ್ಲ. ಆದ್ರೆ ಕೊಡೋ ಮುಂಚೆ ಆ ಒಂದು ಕ್ಷಣದಲ್ಲಿ ಒಳಗೆ ಏನಾಗ್ತದೆ ಅನ್ನೋದಾದ್ರೂ ತಿಳ್ಕೋಬೇಕು ಅನ್ನಿಸ್ತು. ಹುಡುಕ್ತಾ ಹೋದ್ರೆ ಅದು ನೂರಮೂವತ್ತು ವರ್ಷದ ಕಥೆ.

ಮೊದಲು ಕಾರ್ಬುರೇಟರ್ ಏನು ಮಾಡ್ತದೆ ನೋಡೋಣ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಸುಡೋಕೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿಯಾದ್ರೆ ಮೆಕ್ಯಾನಿಕ್‌ಗಳು 'ಲೀನ್' ಅಂತಾರೆ, ಪೆಟ್ರೋಲ್ ಜಾಸ್ತಿಯಾದ್ರೆ 'ರಿಚ್' ಅಂತಾರೆ. ಆ ಲೆಕ್ಕ ಹದವಾಗಿ ಬೆರೆಸಿ ಎಂಜಿನ್ನಿಗೆ ಕೊಡೋದೇ ಕಾರ್ಬುರೇಟರ್ ಕೆಲಸ.

1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಪೇಟೆಂಟ್ ಮಾಡಿಸಿದ ಮೂರು ಚಕ್ರದ ಗಾಡೀಲಿ ಇದ್ದದ್ದು ಬರೀ ಆವಿ ಡಬ್ಬ. ಡಬ್ಬದಲ್ಲಿ ಪೆಟ್ರೋಲ್, ಅದರ ಮೇಲೆ ಗಾಳಿ ಹಾದು ಹೋಗೋದು, ಎದ್ದ ಆವಿ ಎತ್ಕೊಂಡು ಎಂಜಿನ್ನಿಗೆ ಹೋಗೋದು. ಆ ಎಂಜಿನ್ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಓಡೋದು. ನಮ್ಮ ಬಾವಿ ದಂಡೇಲಿದ್ದ ಸೀಮೆಎಣ್ಣೆ ಪಂಪ್‌ಸೆಟ್ ನೆನಪಿದೆಯಲ್ಲ? ಒಂದೇ ಸಮ ಟಕಟಕ ಅಂತಿರ್ತಿತ್ತು. ನೀರೆತ್ತೋ ಎಂಜಿನ್ನಿಗೆ ಪಿಕಪ್ ಯಾಕೆ ಬೇಕು? ಪಿಕಪ್ ಬೇಕಿಲ್ಲದ ಕಡೆ ಪಿಕಪ್ ತಡೆಯೋ ತೊಂದರೇನೂ ಇರಲ್ಲ.

1893ರಲ್ಲಿ ಎರಡು ಕಡೆ ಹೆಚ್ಚುಕಮ್ಮಿ ಒಂದೇ ವಿಚಾರ ಹೊಳೀತು. ಜರ್ಮನಿಯಲ್ಲಿ ವಿಲ್ಹೆಲ್ಮ್ ಮೈಬಾಕ್, ಹಂಗೇರಿಯ ಬುಡಾಪೆಸ್ಟಲ್ಲಿ ದೊನಾತ್ ಬಾಂಕಿ ಮತ್ತು ಯಾನೋಶ್ ಚೋಂಕಾ. ಪೆಟ್ರೋಲನ್ನ ಆವಿ ಆಗಲಿ ಅಂತ ಕಾಯೋ ಬದಲು, ಸಣ್ಣ ತೂತಿನಿಂದ ಗಾಳಿಗೆ ಸಿಂಪಡಿಸೋದು. ನಾವು ಔಷಧಿ ಹೊಡೆಯೋ ಸ್ಪ್ರೇಯರ್ ತತ್ವ. ಪಕ್ಕದಲ್ಲಿ ಒಂದು ಚಿಕ್ಕ ಡಬ್ಬ, ಅದರೊಳಗೆ ತೇಲೋ ಬುರುಡೆ. ಪೆಟ್ರೋಲ್ ತುಂಬಿದ ತಕ್ಷಣ ಬುರುಡೆ ಮೇಲೆದ್ದು ದಾರಿ ಮುಚ್ಚುತ್ತೆ, ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ಬಾಲ್ ಥರಾನೇ.

ಸಿಂಪಡಿಸೋಕೆ ಒತ್ತಡ ಎಲ್ಲಿಂದ? ಅದನ್ನ ನಿಮಗೆ ನಾನು ಹೇಳ್ಕೊಡಬೇಕಿಲ್ಲ. ಡ್ರಿಪ್ಪಿಗೆ ಗೊಬ್ಬರ ಬಿಡೋಕೆ ನಾವೆಲ್ಲ ಒಂದು ವೆಂಚುರಿ ಕೂರಿಸಿದೀವಿ. ಪೈಪು ನಡುವಲ್ಲಿ ಕಿರಿದಾದ್ರೆ ನೀರು ಅಲ್ಲಿ ಜೋರಾಗಿ ಓಡುತ್ತೆ, ಒತ್ತಡ ಇಳಿಯುತ್ತೆ, ಪಕ್ಕದ ಬಕೆಟ್ಟಿನ ಗೊಬ್ಬರದ ನೀರನ್ನ ಎಳ್ಕೊಳ್ಳುತ್ತೆ. ಇಟಲಿಯ ಜಿಯೋವಾನಿ ಬತ್ತಿಸ್ತಾ ವೆಂಚುರಿ ಅನ್ನೋರು 1797ರಲ್ಲಿ ಇದನ್ನ ಬರೆದು ಪ್ರಕಟಿಸಿದ್ರು. ನೂರು ವರ್ಷದ ಮೇಲೆ ಕಾರ್ಬುರೇಟರ್ ಗಂಟಲಿಗೆ ಬಂದಿದ್ದೂ ಅದೇ, ಈಗ ನಮ್ಮ ತೋಟಕ್ಕೆ ಬಂದಿರೋದೂ ಅದೇ. ನೀರಿನ ಬದಲು ಗಾಳಿ, ಗೊಬ್ಬರದ ಬದಲು ಪೆಟ್ರೋಲ್.

ಈಗ ಒಂದು ಕೆಲಸ ಮಾಡಿ ನೋಡಿ. ನಿಧಾನಕ್ಕೆ ಹರೀತಿರೋ ಡ್ರಿಪ್ ಲೈನಿನ ಗೇಟ್ ವಾಲ್ವನ್ನ ಒಮ್ಮೆಲೇ ಪೂರ್ತಿ ತಿರುಗಿಸಿ. ನೀರು ತಕ್ಷಣ ಜಾಸ್ತಿಯಾಗುತ್ತೆ. ಬಕೆಟ್ಟಿನಿಂದ ಗೊಬ್ಬರ ಮೇಲೆ ಹತ್ತಿ ಬರೋಕೆ ಮಾತ್ರ ಒಂದು ಗಳಿಗೆ ಹಿಡಿಯುತ್ತೆ. ಆ ಗಳಿಗೇಲಿ ಹೋಗೋದು ಬರೀ ನೀರು.

ಕಾರಿನ ಎಕ್ಸಿಲೇಟರ್ ಒತ್ತಿದಾಗ ಆಗೋದೂ ಇಷ್ಟೇ. ಗಾಳಿಯ ಬಾಗಿಲು ಪಟ್ ಅಂತ ತೆರೆಯುತ್ತೆ. ಗಾಳಿ ಹಗುರ, ಕಣ್ಣು ಮಿಟುಕಿಸೋದ್ರಲ್ಲಿ ಒಳಗೆ ನುಗ್ಗುತ್ತೆ. ಪೆಟ್ರೋಲ್ ಅದಕ್ಕಿಂತ ಸುಮಾರು ಆರುನೂರು ಪಟ್ಟು ಭಾರ, ಹಿಂದೆ ಉಳಿಯುತ್ತೆ. ಅದು ಸಾಲದು ಅಂತ, ಬಾಗಿಲು ತೆರೆದ ಕೂಡಲೇ ಎಂಜಿನ್ ಒಳಗಿನ ಎಳೆತ ಕಮ್ಮಿಯಾಗಿ ಒಂದಷ್ಟು ಪೆಟ್ರೋಲ್ ಆವಿ ಪೈಪಿನ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತೆ. ಎಂಜಿನ್ನಿಗೆ ಸಿಗೋದು ಗಾಳಿ ಜಾಸ್ತಿ, ಉರಿ ಕಮ್ಮಿ. ಅದೇ ಆ 'ಬುಸ್'. ಹೆದ್ದಾರಿಯಲ್ಲಿ ನನ್ನನ್ನ ನಿಲ್ಲಿಸಿದ್ದು ಅದೇ ಕ್ಷಣ.

ಅಂದ್ರೆ ಈ ತಡೆ ಸವೆದ ಕಾರಿಗೆ ಬಂದ ಕಾಯಿಲೆ ಅಲ್ಲ. ಕಾರ್ಬುರೇಟರಿನ ಹುಟ್ಟುಗುಣ. ಹೊಸ ಗಾಡೀಲೂ ಅದು ಇರುತ್ತೆ, ಅದನ್ನ ಮುಚ್ಚೋಕೆ ಒಳಗೆ ಏನೋ ಒಂದು ಉಪಾಯ ಕೂರಿಸಿರ್ತಾರೆ. ಆ ಉಪಾಯ ಕೆಟ್ಟಾಗ ಹುಟ್ಟುಗುಣ ಹೊರಗೆ ಬರುತ್ತೆ. ಇದೊಂದು ಮಾತು ತಲೇಲಿ ಕೂತ ಮೇಲೆ ನನ್ನ ಪ್ರಶ್ನೆ ಬದಲಾಯ್ತು. "ಏನು ಬದಲಾಯಿಸಬೇಕು" ಅಂತ ಕೇಳೋದು ಬಿಟ್ಟು "ನನ್ನ ಗಾಡೀಲಿ ಆ ಉಪಾಯ ಯಾವುದು" ಅಂತ ಕೇಳ್ಕೊಂಡೆ.

ಉಪಾಯ ಮುಖ್ಯವಾಗಿ ಎರಡು ಥರ.

ಒಂದು, ಎಕ್ಸಿಲೇಟರ್ ಪಂಪ್. ಕಾಲು ಒತ್ತಿದ ತಕ್ಷಣ ಒಂದು ಪುಟ್ಟ ಪಂಪು ಗಂಟಲಿಗೆ ನೇರವಾಗಿ ಚಿರ್ ಅಂತ ಪೆಟ್ರೋಲ್ ಚಿಮ್ಮಿಸುತ್ತೆ. ಹಿಂದೆ ಉಳಿಯೋನನ್ನ ಕೈ ಹಿಡಿದು ಮುಂದಕ್ಕೆ ಎಳೆದಂಗೆ. ಯುದ್ಧದ ಕಾಲದ ವಿಲ್ಲೀಸ್ ಜೀಪಿನ ಕಾರ್ಟರ್ ಕಾರ್ಬುರೇಟರಿನಲ್ಲಿ ಇದಿತ್ತು. ಪ್ರೀಮಿಯರ್ ಪದ್ಮಿನಿಯ ಸೋಲೆಕ್ಸ್‌ನಲ್ಲೂ ಇತ್ತು.

ಎರಡನೇದು ಇಂಗ್ಲೆಂಡಿನ ಉಪಾಯ, ನಮ್ಮ ಗಾಡೀದು. ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಅನ್ನೋರು ಲಂಡನ್ನಿನ ಚಪ್ಪಲಿ ವ್ಯಾಪಾರದ ಮನೆತನದವರು, ಕಾರಿನ ಹುಚ್ಚು. 1904ರಲ್ಲಿ ಒಂದು ಹೊಸ ಕಾರ್ಬುರೇಟರ್ ಮಾಡಿದ್ರು. ವೆಂಚುರಿಯ ಕಿರಿದು ಜಾಗ ಒಂದೇ ಅಳತೇಲಿ ಯಾಕಿರಬೇಕು, ಎಂಜಿನ್ ಎಷ್ಟು ಗಾಳಿ ಎಳೀತದೋ ಅಷ್ಟಕ್ಕೆ ತಾನೇ ಹಿಗ್ಗಿ ಕುಗ್ಗಲಿ ಅಂತ. ಹಿಗ್ಗಿ ಕುಗ್ಗಿಸೋಕೆ ಮೊದಲು ಬಳಸಿದ್ದು ಚರ್ಮದ ತಿದಿ, ಕಮ್ಮಾರನ ಕುಲುಮೆಯ ತಿದಿ ಇದೆಯಲ್ಲ, ಆ ಥರದ್ದು. ಚಪ್ಪಲಿ ಮನೆಯವರಿಗೆ ಚರ್ಮ ಹೊಸದಲ್ಲ ನೋಡಿ! ತಮ್ಮ ಕಾರ್ಲ್ ಜೊತೆಗೂಡಿದ. 1910ರಲ್ಲಿ ಎಸ್.ಯು. ಕಂಪನಿ ಶುರುವಾಯ್ತು, ಸ್ಕಿನ್ನರ್ ಯೂನಿಯನ್ ಅಂತ. ಆಮೇಲೆ ತಿದಿ ಹೋಗಿ ಲೋಹದ ಪಿಸ್ಟನ್ ಬಂತು. ಪಿಸ್ಟನ್ ಕೆಳಗೆ ಒಂದು ಚೂಪು ಸೂಜಿ, ಪಿಸ್ಟನ್ ಮೇಲೆದ್ದಷ್ಟೂ ಸೂಜಿ ಜೆಟ್ಟಿನಿಂದ ಹೊರಗೆ ಬಂದು ಪೆಟ್ರೋಲಿಗೆ ದಾರಿ ಬಿಡುತ್ತೆ.

1926ರಲ್ಲಿ ಆ ಕಂಪನಿಯನ್ನ ವಿಲಿಯಂ ಮಾರಿಸ್ ಕೊಂಡ್ಕೊಂಡ್ರು, ಮಾರಿಸ್ ಕಾರಿನವರು. ಅವರ ಮಾರಿಸ್ ಆಕ್ಸ್‌ಫರ್ಡ್ ಗಾಡಿಯೇ ಬಂಗಾಳದ ಉತ್ತರಪಾರಾದಲ್ಲಿ 1957ರ ಹೊತ್ತಿಗೆ ಅಂಬಾಸಿಡರ್ ಆಯ್ತು. ಹಿಂಗೆ ಲಂಡನ್ನಿನ ಚಪ್ಪಲಿಯವರ ಕಾರ್ಬುರೇಟರ್ ನಮ್ಮ ಕೊಟ್ಟಿಗೆ ಪಕ್ಕ ಬಂದು ನಿಂತಿದೆ.

ಎಸ್.ಯು.ನಲ್ಲಿ ಪೆಟ್ರೋಲ್ ಚಿಮ್ಮಿಸೋ ಪಂಪ್ ಇಲ್ಲ. ಬದಲಿಗೆ ಅವರು ಗಾಳಿಗೇ ಸ್ವಲ್ಪ ತಡೆ ಹಾಕಿದ್ರು. ಪಿಸ್ಟನ್ನಿನ ನಡುಗಂಬ ಟೊಳ್ಳು, ಅದರೊಳಗೆ ಒಂದಿಷ್ಟು ಎಣ್ಣೆ, ಮೇಲಿನ ಕಪ್ಪು ಮುಚ್ಚಳಕ್ಕೆ ಜೋಡಿಸಿದ ಒಂದು ಕಡ್ಡಿ ಆ ಎಣ್ಣೇಲಿ ಮುಳುಗಿರುತ್ತೆ. ಕಾಲು ಒತ್ತಿದಾಗ ಪಿಸ್ಟನ್ ಪಟ್ ಅಂತ ಹಾರೋಕೆ ನೋಡುತ್ತೆ, ಎಣ್ಣೆ ಅದನ್ನ ಹಿಡಿದು ನಿಧಾನಕ್ಕೆ ಬಿಡುತ್ತೆ. ಆ ಒಂದು ಕ್ಷಣ ಗಂಟಲು ಕಿರಿದಾಗೇ ಇರೋದ್ರಿಂದ ಗಾಳಿ ಜೋರಾಗಿ ಓಡಿ ಪೆಟ್ರೋಲನ್ನ ಜಾಸ್ತಿ ಎಳೆಯುತ್ತೆ. ಅಷ್ಟು ಸಾಕು, ಹಿಂದೆ ಇದ್ದೋನು ಜೊತೆಗೆ ಬರ್ತಾನೆ. ಮೋಟಾರ್ ಸೈಕಲ್ಲಿನ ಶಾಕ್ ಅಬ್ಸಾರ್ಬರ್ ಎಣ್ಣೆ ಮಾಡೋ ಕೆಲಸಾನೇ ಇದು.

ಇಷ್ಟು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಪ್ಪು ಮುಚ್ಚಳ! ಅಪ್ಪ ಪ್ರತಿ ವರ್ಷ ಆಯುಧ ಪೂಜೆ ದಿನ ಬಾನೆಟ್ ಎತ್ತಿ, ಒಂದು ಕಪ್ಪು ಮುಚ್ಚಳ ತಿರುವಿ, ಒಂದು ಚಮಚ ಎಣ್ಣೆ ಬಿಟ್ಟು, ಆಮೇಲೆ ಕುಂಕುಮ ಹಚ್ಚೋರು. ನೇಗಿಲಿಗೂ ಕುಡುಗೋಲಿಗೂ ಎಣ್ಣೆ ಹಚ್ಚೋ ಥರ ಇದೂ ಪೂಜೆದೇ ಒಂದು ಭಾಗ ಅಂತ ನಾನು ಅಂದ್ಕೊಂಡಿದ್ದೆ. ಯಾಕೆ ಅಂತ ಒಂದು ಸಲಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಹೋದ ಮೇಲೆ ನಾನು ಕುಂಕುಮ, ಹೂವು, ನಿಂಬೆಹಣ್ಣು ಎಲ್ಲ ಮಾಡ್ದೆ. ಎಣ್ಣೆ ಬಿಡಲಿಲ್ಲ.

ಬೆಳಗ್ಗೆ ಎದ್ದು ಮುಚ್ಚಳ ತಿರುವಿ ಕಡ್ಡಿ ಎತ್ತಿದೆ. ಒಣಗಿತ್ತು. ಆರು ವರ್ಷದಲ್ಲಿ ಎಣ್ಣೆ ಇಳೀತಾ ಬಂದಿತ್ತು. ಗ್ಯಾರೇಜಿನ ಹುಡುಗ ಕಿಟ್ ಹಾಕುವಾಗ ಉಳಿದಿದ್ದನ್ನೂ ಪೆಟ್ರೋಲಲ್ಲಿ ತೊಳೆದು ಒರೆಸಿದ್ದ. ಅದಕ್ಕೇ ರಿಪೇರಿ ಆದ ಮೇಲೆ ಜಾಸ್ತಿ ಆಗಿದ್ದು. ಆ ಹುಡುಗನ್ನ ಬೈಯೋ ಹಾಗಿಲ್ಲ. ಅವನು ಕೆಲಸ ಕಲಿಯೋ ಹೊತ್ತಿಗೆ ಕಾರುಗಳಲ್ಲಿ ಕಾರ್ಬುರೇಟರೇ ಇರಲಿಲ್ಲ. 2000ದ ಆಸುಪಾಸಲ್ಲಿ ಹೊಗೆ ನಿಯಮ ಬಂದು ಹೊಸ ಕಾರಲ್ಲಿ ಇಂಜೆಕ್ಷನ್ ಬಂತು, 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದು ಬೈಕುಗಳಿಂದಲೂ ಕಾರ್ಬುರೇಟರ್ ಹೋಯ್ತು. ಗೊತ್ತಿದ್ದ ಅಪ್ಪನನ್ನ ಕೇಳದೇ ಇದ್ದೋನು ನಾನು.

ತೆಳು ಎಂಜಿನ್ ಆಯಿಲ್, 20 ನಂಬರಿಂದು, ತಂದು ಬಿಟ್ಟೆ. ಸ್ಟಾರ್ಟ್ ಮಾಡಿ ಒತ್ತಿದೆ. ನೂರಕ್ಕೆ ತೊಂಬತ್ತು ಭಾಗ ಸರಿಯಾಯ್ತು. ಇನ್ನು ಹತ್ತು ಭಾಗ ಉಳೀತು, ತಣ್ಣಗಿರುವಾಗ ಸಣ್ಣಗೆ ಮುಗ್ಗರಿಸೋದು. ಆ ಹತ್ತು ಭಾಗ ಹುಡುಕ್ತಾ ಹೋದಾಗಲೇ ಕಬ್ಬು ಎದುರಾಗಿದ್ದು.

ಕಬ್ಬಿನಿಂದ ಬಂದ ಆಲ್ಕೋಹಾಲನ್ನ ಪೆಟ್ರೋಲಿಗೆ ಬೆರೆಸೋದು ಈಗಿನ ವಿಚಾರ ಅಲ್ಲ. ಕನ್ನಂಬಾಡಿ ಕಟ್ಟೆ ನೀರು ನಾಲೆಗೆ ಬಂದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಫ್ಯಾಕ್ಟ್ರಿ ಶುರುವಾಗಿ ನಮ್ಮ ತಾತಂದಿರು ಕಬ್ಬಿಗೆ ತಿರುಗಿದ್ರು. ಕಾಕಂಬಿಯಿಂದ ಬರೋ ಆಲ್ಕೋಹಾಲನ್ನ ಮೋಟಾರಿಗೆ ಸುಡೋಕೆ 1948ರಲ್ಲೇ ದೇಶಕ್ಕೆ ಒಂದು ಪವರ್ ಆಲ್ಕೋಹಾಲ್ ಕಾಯ್ದೆ ಇತ್ತು, 2000ದಲ್ಲಿ ಅದನ್ನ ರದ್ದು ಮಾಡಿದ್ರು. 2003ರಲ್ಲಿ ಎಥೆನಾಲ್ ಹೆಸರಲ್ಲಿ ಶೇ. 5ರಿಂದ ಮತ್ತೆ ಶುರುವಾಯ್ತು. 2022ಕ್ಕೆ ಶೇ. 10 ಮುಟ್ಟಿತು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಇ20 ಪೆಟ್ರೋಲಿಗೆ ಚಾಲನೆ ಕೊಟ್ರು, 2025ಕ್ಕೆ ದೇಶದ ತುಂಬ ಶೇ. 20 ಆಯ್ತು.

ಕಬ್ಬು ಬೆಳೆಯೋ ನಮಗೆ ಇದು ಒಳ್ಳೇದೇ. ನಾನು ಅದರ ವಿರುದ್ಧ ಬರೀತಿಲ್ಲ. ಆದ್ರೆ ಹಳೇ ಗಾಡಿ ಇಟ್ಕೊಂಡೋರು ಲೆಕ್ಕ ತಿಳ್ಕೊಂಡಿರಬೇಕು. ಎಥೆನಾಲಿನ ಒಳಗೇ ಆಮ್ಲಜನಕ ಇದೆ, ಒಂದು ಕೆ.ಜಿ. ಸುಡೋಕೆ ಸುಮಾರು 9 ಕೆ.ಜಿ. ಗಾಳಿ ಸಾಕು. ಐದನೇ ಒಂದು ಭಾಗ ಬೆರೆಸಿದ ಮೇಲೆ 14.7 ಇದ್ದದ್ದು ಸುಮಾರು 13.5ಕ್ಕೆ ಇಳಿಯುತ್ತೆ. ಅಂದ್ರೆ ಅದೇ ಗಾಳಿಗೆ ಇಂಧನ ಜಾಸ್ತಿ ಕೊಡಬೇಕು. ಹೊಸ ಕಾರಲ್ಲಿ ಹೊಗೆ ಮೂಸಿ ನೋಡೋ ಸೆನ್ಸರ್ ಇದೆ, ಕಂಪ್ಯೂಟರ್ ತಾನೇ ಸರಿ ಮಾಡ್ಕೊಳ್ಳುತ್ತೆ. ಕಾಲು ಒತ್ತಿದಾಗ ಒಂದು ಗುಟುಕು ಜಾಸ್ತಿ ಬಿಡೋದನ್ನೂ ಅದೇ ಮಾಡುತ್ತೆ, ಹಳೇ ಉಪಾಯಾನೇ ಹೊಸ ವೇಷದಲ್ಲಿ. ಕಾರ್ಬುರೇಟರಿಗೆ ಮೂಗಿಲ್ಲ. 1977ರಲ್ಲಿ ಕೂರಿಸಿದ ಜೆಟ್ಟು 1977ರ ಪೆಟ್ರೋಲಿನ ಲೆಕ್ಕದಲ್ಲೇ ಬಿಡ್ತಿರುತ್ತೆ. ಮೊದಲೇ ಲೀನ್ ಆಗೋ ಕ್ಷಣ, ಅದರ ಮೇಲೆ ಇದೊಂದು ಲೀನ್. ಜೊತೆಗೆ ಎಥೆನಾಲ್ ನೀರು ಹೀರುತ್ತೆ, ಹಳೇ ಟ್ಯಾಂಕಿನ ತಳದ ಕಸ ಎಬ್ಬಿಸುತ್ತೆ, ಹಳೇ ರಬ್ಬರ್ ಪೈಪು, ಡಯಾಫ್ರಾಮ್ ಉಬ್ಬಿಸಿ ಮೆತ್ತಗೆ ಮಾಡುತ್ತೆ. ಪಂಪ್ ಇರೋ ಕಾರ್ಬುರೇಟರಿನಲ್ಲಿ ಆ ಡಯಾಫ್ರಾಮೇ ಚಿಮ್ಮಿಸೋ ಉಪಾಯ ಅನ್ನೋದು ನೆನಪಿರಲಿ.

ನಾನು ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯೋ ಥರದ್ದಕ್ಕೆ ಬದಲಾಯಿಸಿದೆ. ಕಾರ್ಬುರೇಟರ್ ಕೆಳಗಿನ ಜೆಟ್ ನಟ್ಟನ್ನ ಎರಡು ಮುಖದಷ್ಟು ಕೆಳಕ್ಕಿಳಿಸಿ ಸ್ವಲ್ಪ ರಿಚ್ ಮಾಡಿದೆ. ಉಳಿದ ಹತ್ತು ಭಾಗವೂ ಹೋಯ್ತು.

ನಿಮ್ಮ ಹಳೇ ಗಾಡಿ ಹಿಂಗೇ ತಡೆದ್ರೆ, ದುಡ್ಡು ಸುರಿಯೋ ಮುಂಚೆ ಈ ಕ್ರಮದಲ್ಲಿ ನೋಡಿ. ಬೀಡಿ ಸಿಗರೇಟು ದೂರ ಇಡಿ, ಬಯಲಲ್ಲಿ ಮಾಡಿ.

ಮೊದಲು ಕಿಡಿ ಕಡೆ ನೋಡಿ. ಪಾಯಿಂಟ್ ಗ್ಯಾಪ್, ಟೈಮಿಂಗ್ ಸರಿ ಇಲ್ಲದಿದ್ರೂ ಇದೇ ಥರ ತಡೆಯುತ್ತೆ. ಡಿಸ್ಟ್ರಿಬ್ಯೂಟರ್ ಪಕ್ಕದ ತಟ್ಟೆ ಥರದ್ದಕ್ಕೆ ಕಾರ್ಬುರೇಟರಿಂದ ಒಂದು ಸಣ್ಣ ಪೈಪು ಬಂದಿರುತ್ತೆ. ಅದರ ತುದಿ ಬಿಚ್ಚಿ ಬಾಯಿಂದ ಎಳೆದು ನಾಲಗೆ ಒತ್ತಿ ಹಿಡೀರಿ, ಎಳೆತ ನಿಲ್ಲಬೇಕು. ನಿಲ್ಲದಿದ್ರೆ ಒಳಗಿನ ಡಯಾಫ್ರಾಮ್ ಹರಿದಿದೆ ಅಂತ ಅರ್ಥ.

ಎರಡನೇದು, ಕಳ್ಳ ಗಾಳಿ. ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಸೀಳಿದ ರಬ್ಬರ್ ಪೈಪು. ಅಲ್ಲಿಂದ ಗಾಳಿ ನುಗ್ಗಿದ್ರೆ ಯಾವ ಉಪಾಯವೂ ಕೆಲಸಕ್ಕೆ ಬರಲ್ಲ.

ಮೂರನೇದು, ಉಪಾಯ. ಪಂಪ್ ಇರೋ ಕಾರ್ಬುರೇಟರಾದ್ರೆ ಎಂಜಿನ್ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು, ಗಂಟಲೊಳಗೆ ನೋಡ್ತಾ ಕೈಯಲ್ಲಿ ಥ್ರಾಟಲ್ ಎಳೀರಿ. ಪೆಟ್ರೋಲಿನ ಗೆರೆ ಚಿರ್ ಅಂತ ತಕ್ಷಣ ಚಿಮ್ಮಬೇಕು. ಚಿಮ್ಮದಿದ್ರೆ, ತಡವಾಗಿ ತೊಟ್ಟಿಕ್ಕಿದ್ರೆ, ಡಯಾಫ್ರಾಮ್ ಹೋಗಿದೆ ಇಲ್ಲ ತೂತು ಕಟ್ಟಿದೆ. ಎಸ್.ಯು. ಆದ್ರೆ ಬೆರಳಿಂದ ಪಿಸ್ಟನ್ ಎತ್ತಿ ಬಿಡಿ. ಏಳುವಾಗ ಭಾರವಾಗಿ ನಿಧಾನಕ್ಕೆ ಏಳಬೇಕು, ಬೀಳುವಾಗ ಸಲೀಸಾಗಿ ಬಿದ್ದು 'ಟಕ್' ಅನ್ನಬೇಕು. ಹಗುರಾಗಿ ಎದ್ರೆ ಎಣ್ಣೆ ಇಲ್ಲ. ಟಕ್ ಅನ್ನದಿದ್ರೆ ಎಲ್ಲೋ ಉಜ್ಜುತಿದೆ. ಎಣ್ಣೆ ಬಿಟ್ಟು ಕಡ್ಡಿ ಇಳಿಸುವಾಗ ಮುಚ್ಚಳ ಕೂರೋಕೆ ಕಾಲಿಂಚು ಇರುವಾಗಲೇ ತಡೆ ಸಿಕ್ಕಿದ್ರೆ ಅಳತೆ ಸರಿ ಇದೆ. ಹೊಲಿಗೆ ಮಷೀನ್ ಎಣ್ಣೆ ಬಿಡಬೇಡಿ, ತೀರ ತೆಳು.

ಇಷ್ಟೆಲ್ಲ ಸರಿ ಇದ್ದೂ ತಡೆದ್ರೆ ಆಗ ಜೆಟ್ಟು, ಸೂಜಿ, ಟ್ಯಾಂಕಿನ ಕಸ ನೋಡಿ. ಕಾರ್ಬುರೇಟರ್ ಬದಲಾಯಿಸೋದು ಕಟ್ಟಕಡೆಗೆ.

ಗಾಡಿ ಇನ್ನೂ ಮನೇಲೇ ಇದೆ. ಮಗ ಗುಜರಿ ಮಾತು ಬಿಟ್ಟಿಲ್ಲ, ಆದ್ರೆ ಹೋದ ವಾರ ಅವನೇ ಓಡಿಸ್ಕೊಂಡು ಹೆದ್ದಾರಿ ದಾಟಿ ಬಂದ. ಮನೆಯವಳು ಇನ್ನೂ ಆ ಕ್ರಾಸ್ ಬಂದಾಗ ಸೀಟು ಗಟ್ಟಿಯಾಗಿ ಹಿಡ್ಕೋತಾಳೆ, ಅದಕ್ಕೆ ನನ್ನ ಹತ್ರ ಎಣ್ಣೆ ಇಲ್ಲ. ಬಾನೆಟ್ ಒಳಗಡೆ ಒಂದು ತಗಡಿನ ಮೇಲೆ ಪೇಂಟಲ್ಲಿ ಬರೆದು ಅಂಟಿಸಿದೀನಿ: "ಕಪ್ಪು ಮುಚ್ಚಳ, 20 ನಂಬರ್ ಎಣ್ಣೆ, ಮೂರು ತಿಂಗಳಿಗೊಮ್ಮೆ ನೋಡು. ಇಲ್ಲದಿದ್ರೆ ಪಿಕಪ್ ತಡೆಯುತ್ತೆ." ಅಪ್ಪ ಬಾಯಲ್ಲಿ ಹೇಳದೇ ಉಳಿದದ್ದು ಇಷ್ಟೇ.

ನಿಮ್ಮ ಮನೇಲೂ ಹಿರೀಕರು ಪಂಪ್‌ಸೆಟ್ಟಿಗೋ ಟ್ರ್ಯಾಕ್ಟರಿಗೋ ಆಯುಧ ಪೂಜೆ ದಿನ ಏನಾದ್ರೂ ಮಾಡ್ತಿದ್ರೆ, ಅವರು ಇರುವಾಗಲೇ ಯಾಕೆ ಅಂತ ಕೇಳಿ ಬರೆದಿಟ್ಕೊಳ್ಳಿ.